ಬಿರುಗಾಳಿ, ಜಡಿಮಳೆ ಮತ್ತು ಮನೆಯ ರಕ್ಷಣೆ: ಮನೆ ಬಿಡಬೇಕಾದ ಹೊತ್ತನ್ನು ಮೊದಲೇ ನಿರ್ಧರಿಸುವುದು

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ)

ಪಾಠದ ಉದ್ದೇಶ

ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕುಗಳು ಬರಕ್ಕೆ ಹೆಸರಾದವು. ಇಲ್ಲಿನ ಪಂಚಾಯತಿ ಸಭೆಗಳಲ್ಲಿ ನೀರಿನ ಮಾತು ಬಂದರೆ ಅದು ಬಹುಮಟ್ಟಿಗೆ ನೀರಿನ ಕೊರತೆಯ ಮಾತೇ ಆಗಿರುತ್ತದೆ. ಈ ಕಾರಣದಿಂದಲೇ ನೀರು ಮತ್ತು ಗಾಳಿಯಿಂದ ಒದಗುವ ಅಪಾಯ ಜನರ ನೆನಪಿನಿಂದ ಬೇಗ ಮರೆಯಾಗುತ್ತದೆ. ಹತ್ತು ವರ್ಷ ಒಣಗಿದ ಹಳ್ಳದ ಅಂಚಿನಲ್ಲಿ ಮನೆಗಳು ಏಳುತ್ತವೆ. ತುಂಬದ ಕೆರೆಯ ಕೋಡಿಯಲ್ಲಿ ಸೀಮೆಜಾಲಿ ಬೆಳೆಯುತ್ತದೆ. ಏರಿಯ ಕೆಳಗಿನ ಜಾಗ ನಿವೇಶನವಾಗುತ್ತದೆ. ಹನ್ನೊಂದನೆಯ ವರ್ಷ ಮಳೆ ಸುರಿದಾಗ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಮನೆಯನ್ನು ಯಾವ ಅಪಾಯದಿಂದ ಭದ್ರಪಡಿಸಬಹುದು, ಯಾವ ಅಪಾಯ ಬಂದಾಗ ಮನೆಯನ್ನು ಬಿಟ್ಟು ಹೊರಡಲೇಬೇಕು, ಆ ನಿರ್ಧಾರವನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ಕೈಗೊಳ್ಳಬೇಕು ಎಂಬುದನ್ನು ಸದಸ್ಯರು ತಿಳಿಯುವಂತೆ ಮಾಡುವುದೇ ಈ ಪಾಠದ ಉದ್ದೇಶ.

1. ಕರಾವಳಿಯ ಚಂಡಮಾರುತ ಬಯಲುಸೀಮೆಗೆ ಬರುವ ಬಗೆ

ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್, ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಟೈಫೂನ್, ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್ ಅಥವಾ ಚಂಡಮಾರುತ ಎಂದು ಕರೆಯಲಾಗುವುದು ಒಂದೇ ವಿದ್ಯಮಾನ. ಭಾರತ ಹವಾಮಾನ ಇಲಾಖೆಯು ಗಾಳಿಯ ವೇಗವನ್ನು ಆಧರಿಸಿ ಇದನ್ನು ವಿಂಗಡಿಸುತ್ತದೆ. ಗಂಟೆಗೆ 31ರಿಂದ 49 ಕಿ.ಮೀ. ವೇಗವಿದ್ದರೆ ವಾಯುಭಾರ ಕುಸಿತ, 50ರಿಂದ 61 ಕಿ.ಮೀ. ಇದ್ದರೆ ತೀವ್ರ ವಾಯುಭಾರ ಕುಸಿತ, 62 ಕಿ.ಮೀ. ಮುಟ್ಟಿದರೆ ಚಂಡಮಾರುತ.

ಮಧುಗಿರಿಯಿಂದ ಚೆನ್ನೈ ಕರಾವಳಿ ನೇರ ದೂರದಲ್ಲಿ 300 ಕಿ.ಮೀ.ಗೂ ಹೆಚ್ಚು. ನೆಲವನ್ನು ಮುಟ್ಟಿದ ಚಂಡಮಾರುತಕ್ಕೆ ಸಮುದ್ರದ ಬಿಸಿನೀರಿನ ಬಲ ತಪ್ಪುವುದರಿಂದ ಅದರ ಗಾಳಿ ದಾರಿಯಲ್ಲೇ ಕುಗ್ಗುತ್ತದೆ. ಆದರೆ ಅದು ಹೊತ್ತು ತಂದ ಮೋಡ ಕುಗ್ಗುವುದಿಲ್ಲ. ಆದುದರಿಂದ ಈ ನಾಲ್ಕು ತಾಲ್ಲೂಕುಗಳಿಗೆ ಬಂಗಾಳಕೊಲ್ಲಿಯ ಚಂಡಮಾರುತವು ಮುಖ್ಯವಾಗಿ ಎರಡು ಮೂರು ದಿನಗಳ ಜಡಿಮಳೆಯಾಗಿ ಬರುತ್ತದೆ. ಹಸ್ತ ಮಳೆಯಿಂದ ವಿಶಾಖ ಮಳೆ ಮುಗಿಯುವವರೆಗೆ, ಅದರ ಮುಂದೆ ಡಿಸೆಂಬರ್ ಮೊದಲ ವಾರಗಳವರೆಗೂ ಈ ಸಂಭವ ಇರುತ್ತದೆ.

ಗಾಳಿಯ ಅಪಾಯದ ಕಾಲ ಬೇರೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಹಗಲಿನ ಬಿಸಿಲಿಗೆ ಎದ್ದ ಗುಡುಗು ಮೋಡಗಳು ಸಂಜೆ ಹೊತ್ತು ಹಠಾತ್ತಾಗಿ ಬಿರುಗಾಳಿಯನ್ನು ಕೆಡವುತ್ತವೆ. ಈ ಗಾಳಿ ಅರ್ಧ ಗಂಟೆಯೂ ಇರದೆ ಹೋಗಬಹುದು. ಆದರೆ ಶೀಟುಗಳು ಹಾರುವುದು, ತೆಂಗು ಮತ್ತು ಬಾಳೆ ಉರುಳುವುದು, ವಿದ್ಯುತ್ ಕಂಬ ಬೀಳುವುದು ಬಹುತೇಕ ಈ ಅರ್ಧ ಗಂಟೆಯಲ್ಲೇ.

ಹೀಗೆ ವರ್ಷದಲ್ಲಿ ಎರಡು ಅಪಾಯಕಾಲಗಳಿವೆ. ಬೇಸಿಗೆಯ ಗಾಳಿಗೆ ಮುನ್ಸೂಚನೆಯ ಅವಧಿ ಕಡಿಮೆ, ಮನೆಯ ಸಿದ್ಧತೆಯೇ ರಕ್ಷಣೆ. ಹಿಂಗಾರಿನ ಜಡಿಮಳೆಗೆ ಎರಡು ಮೂರು ದಿನಗಳ ಮುನ್ಸೂಚನೆ ದೊರೆಯುತ್ತದೆ, ಸಕಾಲದ ನಿರ್ಧಾರವೇ ರಕ್ಷಣೆ.

2. ಮೂಲ ಸೂತ್ರ

ಪಾಠದ ಉಳಿದೆಲ್ಲ ಭಾಗಗಳು ಈ ಮೂರು ವಾಕ್ಯಗಳ ವಿವರಣೆ ಮಾತ್ರ.

ಗಾಳಿ ಬಂದಾಗ ಗಟ್ಟಿ ಮನೆಯ ಒಳಗಿರುವುದು ಕ್ಷೇಮ.
ನೀರು ಬರುವ ಜಾಗದಲ್ಲಿ ಎಷ್ಟೇ ಗಟ್ಟಿ ಮನೆಯಿದ್ದರೂ ಅದನ್ನು ಬಿಡುವುದು ಕ್ಷೇಮ.
ನೆನೆದ ಮಣ್ಣಿನ ಗೋಡೆಯ ಮನೆಯು ಗಾಳಿಗೂ ನೀರಿಗೂ ಆಸರೆಯಲ್ಲ.

ಆದುದರಿಂದ ಒಂದು ಮನೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಮನೆ ಯಾವುದರಿಂದ ಕಟ್ಟಿದ್ದು? ಮನೆ ಎಲ್ಲಿದೆ? ಮೊದಲನೆಯದಕ್ಕೆ ದುರಸ್ತಿಯಿಂದ ಪರಿಹಾರವಿದೆ. ಎರಡನೆಯದಕ್ಕೆ ದುರಸ್ತಿಯಿಲ್ಲ, ಸ್ಥಳಾಂತರ ಮಾತ್ರ ಇದೆ.

3. ಶೀಟಿನ ಚಾವಣಿ ಮತ್ತು ಗಾಳಿ

ಗಾಳಿಯು ಶೀಟನ್ನು ಕೇವಲ ತಳ್ಳುವುದಿಲ್ಲ, ಮೇಲಕ್ಕೆ ಎಳೆಯುತ್ತದೆ. ಚಾವಣಿಯ ಮೇಲೆ ವೇಗವಾಗಿ ಸಾಗುವ ಗಾಳಿಯಿಂದ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ತೆರೆದ ಬಾಗಿಲಿನಿಂದ ಒಳನುಗ್ಗಿದ ಗಾಳಿಯು ಕೆಳಗಿನಿಂದ ಒತ್ತುತ್ತದೆ. ಎರಡೂ ಸೇರಿ ಶೀಟು ಏಳುತ್ತದೆ.

ಗಾಳಿಯ ವೇಗ ಎರಡರಷ್ಟಾದರೆ ಅದರ ಬಲ ನಾಲ್ಕರಷ್ಟಾಗುತ್ತದೆ ಎಂಬುದು ಇಲ್ಲಿ ತಿಳಿದಿರಬೇಕಾದ ಲೆಕ್ಕ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ತಗಡಿನ ಶೀಟಿನ ತೂಕ ಸುಮಾರು 12 ಕೆ.ಜಿ. ಗಂಟೆಗೆ 36 ಕಿ.ಮೀ. ಗಾಳಿಯಲ್ಲಿ ಅದರ ಮೇಲಿನ ಬಲ ಸುಮಾರು 17 ಕೆ.ಜಿ. ತೂಕಕ್ಕೆ ಸಮ. 72 ಕಿ.ಮೀ. ಗಾಳಿಯಲ್ಲಿ ಸುಮಾರು 68 ಕೆ.ಜಿ. 108 ಕಿ.ಮೀ. ಗಾಳಿಯಲ್ಲಿ 150 ಕೆ.ಜಿ.ಗೂ ಹೆಚ್ಚು. ಸೂರಿನ ಅಂಚಿನಲ್ಲಿ ಹಾಗೂ ಮೂಲೆಗಳಲ್ಲಿ ಇದು ಇನ್ನೂ ಅಧಿಕ. ಕಟ್ಟಡಗಳ ಮೇಲಿನ ಗಾಳಿಯ ಭಾರವನ್ನು ಕುರಿತ ಭಾರತೀಯ ಮಾನಕ 875ರ ಮೂರನೆಯ ಭಾಗವು ಬೆಂಗಳೂರಿಗೆ ನಿಗದಿಪಡಿಸಿರುವ ಮೂಲ ವೇಗವೇ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಎಂಬುದನ್ನು ಗಮನಿಸಿದರೆ ಒಳನಾಡಿಗೆ ದೊಡ್ಡ ಗಾಳಿಯೇ ಬರದು ಎಂಬ ನಂಬಿಕೆ ಸರಿಯಲ್ಲವೆಂದು ತಿಳಿಯುತ್ತದೆ.

ಶೀಟಿನ ಮೇಲೆ ಕಲ್ಲು ಹೇರುವ ರೂಢಿ ನಾಲ್ಕೂ ತಾಲ್ಲೂಕುಗಳಲ್ಲಿದೆ. ಮೇಲಿನ ಲೆಕ್ಕದಂತೆ ಒಂದೆರಡು ಕಲ್ಲುಗಳ ತೂಕ ದೊಡ್ಡ ಗಾಳಿಗೆ ಸಾಲದು. ಶೀಟು ಎದ್ದಾಗ ಅದೇ ಕಲ್ಲು ಮಲಗಿದವರ ಮೇಲೆ ಬೀಳುತ್ತದೆ. ಸದಸ್ಯರು ತಮ್ಮ ವಾರ್ಡಿನಲ್ಲಿ ಮೊದಲು ಬಿಡಿಸಬೇಕಾದ ರೂಢಿ ಇದು. ಕಲ್ಲಿಗೆ ಬದಲಾಗಿ ಮಾಡಬೇಕಾದ ಕೆಲಸಗಳು ಹೀಗಿವೆ:

– ಶೀಟನ್ನು ಮೊಳೆಯಿಂದಲ್ಲದೆ, ವಾಷರ್ ಸಹಿತ ಕೊಕ್ಕೆ ಬೋಲ್ಟಿನಿಂದ ಅಡ್ಡಪೈಪಿಗೆ ಬಿಗಿಯುವುದು. ಅಂಚು ಮತ್ತು ಮೂಲೆಗಳಲ್ಲಿ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕುವುದು.
– ಅಡ್ಡಪೈಪನ್ನು ಗೋಡೆಗೆ ಕಟ್ಟುವುದು. ಬೋಲ್ಟು ಬಿಗಿಯಾಗಿದ್ದು ಪೈಪು ಗೋಡೆಯ ಮೇಲೆ ಸುಮ್ಮನೆ ಕುಳಿತಿದ್ದರೆ ಚಾವಣಿ ಇಡಿಯಾಗಿ ಹಾರುತ್ತದೆ. ಗೋಡೆಯೊಳಗೆ ಎರಡು ಮೂರು ಅಡಿ ಕೆಳಗಿನಿಂದ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಸರಳಿಗೆ ಪೈಪನ್ನು ಬೆಸೆಯುವುದು ಉತ್ತಮ.
– ಗೋಡೆಯಿಂದ ಹೊರಚಾಚಿದ ಶೀಟು ಒಂದೂವರೆ ಅಡಿ ಮೀರದಂತೆ ನೋಡಿಕೊಳ್ಳುವುದು. ಮುಂದಿನ ಜಗುಲಿಗೆ ನೆರಳು ಬೇಕಿದ್ದರೆ ಅದನ್ನು ಬೇರೆಯೇ ಚಾವಣಿಯಾಗಿ ಹಾಕುವುದು. ಜಗುಲಿಯ ಶೀಟು ಹಾರಿದರೂ ಮನೆಯ ಶೀಟು ಉಳಿಯುತ್ತದೆ.
– ಸಿಮೆಂಟ್ ಶೀಟಿನ ಮೇಲೆ ಕಾಲಿಡದೆ, ಹಲಗೆ ಹಾಸಿ ಕೆಲಸ ಮಾಡುವುದು.
– ಮಂಗಳೂರು ಹೆಂಚಿನ ಮನೆಯಲ್ಲಿ ಅಂಚಿನ ಎರಡು ಸಾಲು ಮತ್ತು ಮುಡಿ ಹೆಂಚುಗಳನ್ನು ಗಾರೆಯಿಂದ ಕೂರಿಸುವುದು.
– ಮನೆಯ ಮೇಲೆ ಬಾಗಿದ ಒಣಕೊಂಬೆಗಳನ್ನು ಮಾರ್ಚ್ ತಿಂಗಳಲ್ಲೇ ಕಡಿಸುವುದು. ವಿದ್ಯುತ್ ತಂತಿಗೆ ತಾಗಿದ ಕೊಂಬೆಯನ್ನು ಬೆಸ್ಕಾಂ ಸಿಬ್ಬಂದಿಯಿಂದಲೇ ತೆಗೆಸುವುದು.

ಗಾಳಿ ಎದ್ದ ಮೇಲೆ ಯಾರೂ ಶೀಟು ಹಿಡಿಯಲು, ಕಲ್ಲಿಡಲು ಮೇಲೆ ಹತ್ತಬಾರದು. ಗಾಳಿ ಬೀಸುವ ಕಡೆಯ ಬಾಗಿಲು ಕಿಟಕಿ ಮುಚ್ಚಿ, ಗಟ್ಟಿ ಚಾವಣಿಯಿರುವ ಕೋಣೆಯಲ್ಲಿ, ಇಲ್ಲವೇ ನೆರೆಯ ಆರ್.ಸಿ.ಸಿ. ಮನೆಯಲ್ಲಿ ಕುಳಿತುಕೊಳ್ಳಬೇಕು. ಹೊಲದಲ್ಲಿರುವ ಕುರಿಗಾಹಿಗಳು ಒಂಟಿಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗು ಕೇಳಿದ ಅರ್ಧ ಗಂಟೆಯವರೆಗೂ ಸಿಡಿಲಿನ ಅಪಾಯ ಉಂಟು.

4. ಮಣ್ಣಿನ ಗೋಡೆ, ಮಾಳಿಗೆ ಮತ್ತು ಕಲ್ಲುಚಪ್ಪಡಿ

ಈ ಭಾಗದ ಹಳೆಯ ಊರುಗಳಲ್ಲಿ ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆಗಳೂ ಕಲ್ಲುಚಪ್ಪಡಿ ಹೊದಿಸಿದ ಮನೆಗಳೂ ಇವೆ. ಬಿಸಿಲಿಗೆ ತಂಪಾದ ಈ ಮನೆಗಳು ಒಂದು ದಿನದ ಮಳೆಯನ್ನು ತಾಳಬಲ್ಲವು, ಮೂರು ದಿನದ ಜಡಿಮಳೆಯನ್ನು ಎಲ್ಲವೂ ತಾಳಲಾರವು.

ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಮುನ್ನೂರು ಚದರಡಿಯ ಮಾಳಿಗೆಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 2,800 ಲೀಟರ್, ಅಂದರೆ 2.8 ಟನ್ ನೀರು ಬಿದ್ದಂತಾಯಿತು. ನೀರು ಹೊರಹೋಗುವ ದೋಣಿ ಕಟ್ಟಿಕೊಂಡಿದ್ದರೆ ಈ ಭಾರದ ಬಹುಪಾಲು ಮಣ್ಣಿನಲ್ಲೇ ಇಂಗಿ, ಗೆದ್ದಲು ಹಿಡಿದ ಜಂತೆಯ ಮೇಲೆ ಕೂರುತ್ತದೆ. ಆದುದರಿಂದ ಮಳೆಗೆ ಮುನ್ನ ದೋಣಿ ಬಿಡಿಸುವುದು, ಮಾಳಿಗೆಯ ಮೇಲೆ ಬೆಳೆದ ಹುಲ್ಲು ಕೀಳುವುದು, ಬಿರುಕಿಗೆ ಮಣ್ಣು ಮೆತ್ತುವುದು, ಜಂತೆಯನ್ನು ತಟ್ಟಿ ನೋಡಿ ಟೊಳ್ಳಾದುದನ್ನು ಬದಲಿಸುವುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಮಾಡುವುದು ಅಗತ್ಯ. ಇವು ಕಡಿಮೆ ವೆಚ್ಚದ ಕೆಲಸಗಳು.

ಗೋಡೆ ಬೀಳುವುದಕ್ಕೆ ಮುಂಚೆ ಲಕ್ಷಣ ತೋರುತ್ತದೆ: ಬುಡದ ಮಣ್ಣು ಮೆತ್ತಗಾಗಿ ಉದುರುವುದು, ಗೋಡೆ ಹೊಟ್ಟೆ ಬಿಡುವುದು, ಮೂಲೆಯಲ್ಲಿ ಹೊಸ ಬಿರುಕು, ಬಾಗಿಲು ಚೌಕಟ್ಟಿಗೆ ಕೂರದಿರುವುದು, ಜಂತೆಯ ಕಿರುಗುಟ್ಟುವ ಸದ್ದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ರಾತ್ರಿ ಅಲ್ಲಿ ಯಾರೂ ಮಲಗಬಾರದು. ಪಕ್ಕದ ಪಾಳುಮನೆಯ ಗೋಡೆಯೂ ಅಷ್ಟೇ ಅಪಾಯಕಾರಿ. ಅದು ತನ್ನ ಮನೆಯವರ ಮೇಲಲ್ಲ, ನೆರೆಯವರ ಮೇಲೆ ಬೀಳುತ್ತದೆ.

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ನೆನೆದ ಗೋಡೆಯು ಮಳೆ ಬಿಟ್ಟ ಮೇಲೂ, ಬಿಸಿಲು ಬಿದ್ದ ಮರುದಿನವೂ ಬೀಳಬಹುದು. ಬಿಸಿಲು ಬಂತೆಂದು ತಕ್ಷಣ ಮನೆಗೆ ಮರಳುವುದು ಸಲ್ಲದು.

5. ಕೆರೆ, ಹಳ್ಳ, ನದಿ

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಇರುವುದೂ ಅದೇ ಪಿನಾಕಿನಿಯ ದಂಡೆಯಲ್ಲಿ. ಶಿರಾ ಭಾಗದಲ್ಲಿ ಕಳ್ಳಂಬೆಳ್ಳ, ಶಿರಾ, ಮದಲೂರು ಕೆರೆಗಳಂತಹ ದೊಡ್ಡ ಕೆರೆಗಳಿವೆ. ಇವುಗಳಲ್ಲದೆ ಪ್ರತಿ ಪಂಚಾಯತಿಯಲ್ಲೂ ಸಣ್ಣ ಕೆರೆ ಕಟ್ಟೆಗಳು ಒಂದರ ಕೆಳಗೊಂದು ಸರಣಿಯಾಗಿವೆ. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಕೋಡಿಗೆ ತಾಳಲಾರದ ಹೊರೆಯಾಗುತ್ತದೆ. 2021ರ ನವೆಂಬರ್‌ನಲ್ಲಿ ಹಾಗೂ 2022ರ ಮಳೆಗಾಲದಲ್ಲಿ ಜಿಲ್ಲೆಯ ಬಹಳ ಕಾಲ ಬತ್ತಿದ್ದ ಕೆರೆಗಳೂ ಕೋಡಿ ಹರಿದುದನ್ನು ಸದಸ್ಯರು ಕಂಡಿದ್ದಾರೆ.

2021ರ ಅದೇ ಮಳೆಯ ಇನ್ನೊಂದು ಮುಖ ಇದೇ ಪಿನಾಕಿನಿ ಕಣಿವೆಯ ಕೆಳಭಾಗದಲ್ಲಿ ಕಂಡಿತು. ಬಂಗಾಳಕೊಲ್ಲಿಯಲ್ಲಿ ಉಂಟಾದ ವಾಯುಭಾರ ಕುಸಿತವು ನವೆಂಬರ್ 19ರ ನಸುಕಿನಲ್ಲಿ ಪುದುಚೇರಿ ಮತ್ತು ಚೆನ್ನೈ ನಡುವೆ ಕರಾವಳಿಯನ್ನು ದಾಟಿತು. ಅದು ಚಂಡಮಾರುತದ ಮಟ್ಟವನ್ನೂ ಮುಟ್ಟಿರಲಿಲ್ಲ. ಆದರೆ ಅದರ ಮಳೆಗೆ ಆಂಧ್ರಪ್ರದೇಶದ ಅಂದಿನ ಕಡಪ ಜಿಲ್ಲೆಯಲ್ಲಿ, ಪಿನಾಕಿನಿಯ ಉಪನದಿ ಚೆಯ್ಯೇರಿನ ಮೇಲಿನ ಪಿಂಚ ಜಲಾಶಯದ ಕಟ್ಟೆ ಕೊಚ್ಚಿಹೋಯಿತು. ಆ ನೀರೂ ಸೇರಿ ಕೆಳಗಿನ ಅನ್ನಮಯ್ಯ ಜಲಾಶಯದ ಮಣ್ಣಿನ ಏರಿ ಅದೇ ಬೆಳಗ್ಗೆ ಒಡೆಯಿತು. ನದಿ ದಂಡೆಯ ಗ್ರಾಮಗಳಲ್ಲಿ 30ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಣೆಕಟ್ಟೆಯ ಐದು ಗೇಟುಗಳಲ್ಲಿ ಒಂದು ತೆರೆಯಲಿಲ್ಲವೆಂಬ ಸಂಗತಿಯು ಮುಂದೆ ರಾಜ್ಯಸಭೆಯಲ್ಲಿ ಪ್ರಸ್ತಾಪವಾಯಿತು.

ಈ ಘಟನೆಯಿಂದ ಗ್ರಾಮ ಪಂಚಾಯತಿಗೆ ಮೂರು ಪಾಠಗಳಿವೆ. ಚಂಡಮಾರುತವೆಂಬ ಹೆಸರು ಬರುವವರೆಗೆ ಕಾಯಬಾರದು, ವಾಯುಭಾರ ಕುಸಿತವೇ ಸಾಕು. ಮೇಲಿನ ಕೆರೆಯ ಸುದ್ದಿ ಕೆಳಗಿನ ಊರಿಗೆ ತಲುಪುವ ವ್ಯವಸ್ಥೆ ಮೊದಲೇ ಇರಬೇಕು. ತೂಬು, ಗೇಟು, ಕೋಡಿಗಳು ಬೇಸಿಗೆಯಲ್ಲೇ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು.

ಏರಿಯ ಅಪಾಯದ ಲಕ್ಷಣಗಳನ್ನು ನೀರುಗಂಟಿ ಮಾತ್ರವಲ್ಲದೆ ಪ್ರತಿ ಸದಸ್ಯರೂ ತಿಳಿದಿರಬೇಕು. ಏರಿಯ ಬುಡದಲ್ಲಿ ತಿಳಿನೀರು ಜಿನುಗುತ್ತಿದ್ದರೆ ಅದನ್ನು ಗಮನದಲ್ಲಿಡಬೇಕು. ಆ ನೀರು ಕೆಂಪಾಗಿ, ಕೆಸರಾಗಿ ಬರತೊಡಗಿದರೆ ಏರಿಯ ಒಳಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಆಗ ಸಮಯವಿಲ್ಲ. ಏರಿಯ ಮೇಲೆ ಉದ್ದುದ್ದ ಬಿರುಕು, ಏರಿಯ ಒಂದು ಭಾಗ ಕುಸಿದು ತಗ್ಗಾಗುವುದು, ತೂಬಿನ ಪಕ್ಕದಲ್ಲಿ ನೀರು ಸುಳಿಯುವುದು, ಕೋಡಿಯನ್ನು ಬಿಟ್ಟು ಏರಿಯ ಮೇಲೆಯೇ ನೀರು ಹರಿಯತೊಡಗುವುದು, ಇವೂ ಅಂತಹವೇ.

ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಮರಳಿನ ಚೀಲ ಅಡ್ಡ ಇಡುವುದು, ಮೀನು ಹೋಗದಂತೆ ಬಲೆ ಕಟ್ಟುವುದು ಏರಿಯನ್ನು ಒಡೆಯುವ ಕೆಲಸಗಳು. ಬರದ ವರ್ಷಗಳ ನಂತರ ಕೆರೆ ತುಂಬಿದಾಗ ಬಾಗಿನ ಅರ್ಪಿಸುವ ಸಂತೋಷ ನ್ಯಾಯವಾದುದೇ. ಆದರೆ ಮಳೆ ಸುರಿಯುತ್ತಿರುವಾಗ ಏರಿಯ ಮೇಲೆ, ಕೋಡಿಯ ಮುಂದೆ ಮಕ್ಕಳೊಂದಿಗೆ ನೆರೆಯುವುದನ್ನು ತಡೆಯುವುದು ಸದಸ್ಯರ ಹೊಣೆ. ಪೂಜೆಗೆ ಮಳೆ ಬಿಟ್ಟ ದಿನವೇ ಯೋಗ್ಯ.

40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಹೊಣೆಯಾದರೆ, ಅದಕ್ಕೂ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಹೊಣೆ. ತಮ್ಮ ವ್ಯಾಪ್ತಿಯ ಪ್ರತಿ ಕೆರೆ ಯಾರದೆಂಬುದನ್ನೂ ಸಂಬಂಧಪಟ್ಟ ಇಂಜಿನಿಯರರ ದೂರವಾಣಿ ಸಂಖ್ಯೆಯನ್ನೂ ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಬರೆಸಿರಬೇಕು.

ರಸ್ತೆ ಸೇತುವೆಗಳ ಮೇಲೆ ಹರಿಯುವ ನೀರಿನ ವಿಷಯದಲ್ಲಿ ಧೈರ್ಯ ತೋರುವುದು ಬೇಡ. ರಭಸದ ನೀರು ಅರ್ಧ ಅಡಿಯಿದ್ದರೂ ಮನುಷ್ಯನ ಕಾಲು ತಪ್ಪುತ್ತದೆ, ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿ ನೀರು ದೊಡ್ಡ ವಾಹನವನ್ನೂ ಕೊಚ್ಚಬಲ್ಲದು.

6. ಎಚ್ಚರಿಕೆಯನ್ನು ಓದುವ ಬಗೆ

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಮಳೆ ಭಾರಿ, 115.6ರಿಂದ 204.4 ಮಿ.ಮೀ. ಅತಿ ಭಾರಿ, ಅದಕ್ಕೂ ಮೀರಿದ್ದು ಅತ್ಯಂತ ಭಾರಿ ಮಳೆ. ಹಳದಿ ಬಣ್ಣ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕಾರ್ಯೋನ್ಮುಖರಾಗಿ ಎಂದು ಅರ್ಥ.

ಬಣ್ಣವು ಇಡೀ ಜಿಲ್ಲೆಗೆ ಅನ್ವಯಿಸುತ್ತದೆ. ಮಳೆ ಹಾಗಲ್ಲ, ಒಂದು ಹೋಬಳಿಯಲ್ಲಿ ಸುರಿದು ಪಕ್ಕದ ಹೋಬಳಿಯಲ್ಲಿ ಹನಿಯದಿರಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಅಳವಡಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ನೀಡುತ್ತವೆ. ಆ ಕೇಂದ್ರದ ವರುಣ ಮಿತ್ರ ಸಹಾಯವಾಣಿಯಲ್ಲಿ ತಮ್ಮೂರಿನ ಮಳೆಯನ್ನಷ್ಟೇ ಅಲ್ಲದೆ, ಕೆರೆಗೆ ನೀರು ಬರುವ ಮೇಲಿನ ಪಂಚಾಯತಿಗಳ ಮಳೆಯನ್ನೂ ಕೇಳಿ ತಿಳಿಯಬೇಕು. ಊರಿನಲ್ಲಿ ಮಳೆ ನಿಂತ ಮೇಲೂ ನೀರು ಏರುವುದು ಮೇಲಿನ ಮಳೆಯಿಂದ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಇದೆ.

7. ಮನೆ ಬಿಡುವ ನಿರ್ಧಾರ

1999ರ ಅಕ್ಟೋಬರ್‌ನಲ್ಲಿ ಒಡಿಶಾಗೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು. 2019ರ ಮೇ 3ರಂದು ಫೋನಿ ಚಂಡಮಾರುತ ಬಂದಾಗ ಅದೇ ರಾಜ್ಯದಲ್ಲಿ ಸುಮಾರು 12 ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಲಾಗಿತ್ತು, ಸತ್ತವರ ಸಂಖ್ಯೆ ನೂರರೊಳಗಿತ್ತು. ಇಪ್ಪತ್ತು ವರ್ಷಗಳಲ್ಲಿ ಗಾಳಿ ಸೌಮ್ಯವಾಗಲಿಲ್ಲ. ಎಚ್ಚರಿಕೆ ಸುಧಾರಿಸಿತು, ಆಶ್ರಯತಾಣಗಳು ಎದ್ದವು, ಯಾರನ್ನು ಯಾವಾಗ ಎಲ್ಲಿಗೆ ಕರೆದೊಯ್ಯಬೇಕೆಂಬುದು ಹಳ್ಳಿಯ ಮಟ್ಟದಲ್ಲಿ ಮೊದಲೇ ನಿರ್ಧಾರವಾಗಿತ್ತು.

ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಮೇರೆಗೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಅದೇ ಅಧಿನಿಯಮದ 41ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಗಳಿಗೂ ಸಿಬ್ಬಂದಿಯ ತರಬೇತಿ, ಸಾಮಗ್ರಿಗಳ ಸಿದ್ಧತೆ ಹಾಗೂ ಪರಿಹಾರ ಕಾರ್ಯದ ಕರ್ತವ್ಯವನ್ನು ವಹಿಸಿದೆ. ಸ್ಥಳಾಂತರದ ಅಧಿಕೃತ ಆದೇಶ ತಾಲ್ಲೂಕು ಆಡಳಿತದಿಂದ ಬರುತ್ತದೆ. ಆದರೆ ಕೆಸರು ನೀರು ಜಿನುಗುತ್ತಿರುವ ಏರಿಯ ಕೆಳಗಿನವರನ್ನು ಎಬ್ಬಿಸಿ ಎತ್ತರಕ್ಕೆ ಕಳುಹಿಸಲು ಯಾವ ಸದಸ್ಯರೂ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಎಬ್ಬಿಸುವುದು ಮೊದಲು, ತಹಶೀಲ್ದಾರರಿಗೆ ತಿಳಿಸುವುದು ಅದರೊಂದಿಗೇ.

ಮಳೆಗಾಲಕ್ಕೆ ಮುನ್ನ ಪ್ರತಿ ವಾರ್ಡಿನಲ್ಲಿ ಮನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಏರಿಯ ಕೆಳಗಿನ, ಹಳ್ಳದ ಅಂಚಿನ, ತಗ್ಗಿನ ಮನೆಗಳು ಮೊದಲ ಗುಂಪು. ಮಣ್ಣಿನ ಗೋಡೆಯ ಹಾಗೂ ಶಿಥಿಲ ಮಾಳಿಗೆಯ ಮನೆಗಳು ಎರಡನೆಯ ಗುಂಪು. ಸರಿಯಾಗಿ ಬಿಗಿಯದ ಶೀಟಿನ ಮನೆಗಳು ಮೂರನೆಯ ಗುಂಪು. ಒಂಟಿ ವೃದ್ಧರು, ಗರ್ಭಿಣಿಯರು, ಬಾಣಂತಿಯರು, ಅಂಗವಿಕಲರು ಇರುವ ಮನೆಗಳಿಗೆ ವಿಶೇಷ ಗುರುತು ಹಾಕಬೇಕು. ವಲಸೆ ಕೂಲಿಯವರ ಜೋಪಡಿಗಳನ್ನೂ ಹಟ್ಟಿಗಳನ್ನೂ ಬಿಡಬಾರದು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಲ್ಲಿ ಈ ಮಾಹಿತಿಯ ಬಹುಭಾಗ ಈಗಾಗಲೇ ಇರುತ್ತದೆ.

ನಿರ್ಧಾರವನ್ನು ಮೂರು ಹಂತಗಳಲ್ಲಿ ಮಾಡುವುದು ಸೂಕ್ತ.

ಮೊದಲ ಹಂತ, ಸಿದ್ಧತೆ: ಕಿತ್ತಳೆ ಎಚ್ಚರಿಕೆ ಬಂದಾಗ, ಅಥವಾ ಒಂದು ದಿನದಲ್ಲಿ 64.5 ಮಿ.ಮೀ. ಮಳೆ ದಾಟಿದಾಗ. ಶಾಲೆಯ ಬೀಗದ ಕೈ, ವಾಹನ, ಟಾರ್ಚು, ಧ್ವನಿವರ್ಧಕ ಸಿದ್ಧ. ಏರಿಗೆ ಕಾವಲು.

ಎರಡನೆಯ ಹಂತ, ಹಗಲಿನ ಸ್ಥಳಾಂತರ: ಕೆಂಪು ಎಚ್ಚರಿಕೆ ಬಂದಾಗ, ಮಳೆ ಎರಡನೆಯ ದಿನವೂ ಬಿಡದಿದ್ದಾಗ, ಅಥವಾ ಕೆರೆಯ ನೀರು ಇಂಜಿನಿಯರರ ಸಲಹೆಯಂತೆ ಬಳಿದ ಅಪಾಯದ ಗುರುತನ್ನು ಮುಟ್ಟಿದಾಗ. ಮೊದಲ ಎರಡು ಗುಂಪುಗಳ ಮನೆಯವರು ಕತ್ತಲಾಗುವ ಮುನ್ನ ಹೊರಡಬೇಕು.

ಮೂರನೆಯ ಹಂತ, ತಕ್ಷಣದ ಸ್ಥಳಾಂತರ: ಏರಿಯ ಅಪಾಯ ಲಕ್ಷಣ, ಮೇಲಿನ ಕೆರೆ ಒಡೆದ ಸುದ್ದಿ, ಹಳ್ಳದ ನೀರು ಮೊದಲ ಮನೆಯ ಮೆಟ್ಟಿಲು ಮುಟ್ಟುವುದು. ಸಾಮಾನು ಹುಡುಕುವುದಕ್ಕೆ ಸಮಯವಿಲ್ಲ. ನೀರಿನ ದಾರಿಗೆ ಅಡ್ಡಲಾಗಿ, ಹತ್ತಿರದ ಎತ್ತರಕ್ಕೆ ಓಡಬೇಕು. ಹರಿವಿನ ಉದ್ದಕ್ಕೆ ಓಡಬಾರದು.

ಜನ ಮನೆ ಬಿಡಲು ಒಪ್ಪದಿರುವುದಕ್ಕೆ ಕಾರಣಗಳಿವೆ, ಅವುಗಳಿಗೆ ಉತ್ತರವೂ ಇರಬೇಕು. ಸೀಮೆಹಸು, ಕುರಿಗಳ ಚಿಂತೆಯಿದ್ದರೆ ಎತ್ತರದಲ್ಲಿ ದನಗಳಿಗೊಂದು ಜಾಗ ಮತ್ತು ಮೇವು ಗೊತ್ತುಮಾಡಿರಬೇಕು, ಕೊನೆಯ ಗಳಿಗೆಯಾದರೆ ಹಗ್ಗ ಬಿಚ್ಚಿಬಿಡಬೇಕು. ಕಳ್ಳತನದ ಭಯವಿದ್ದರೆ ಬೀಟ್ ಪೊಲೀಸರ ಮತ್ತು ಯುವಕರ ಕಾವಲಿನ ಮಾತು ಕೊಡಬೇಕು. ಚೀಲದಲ್ಲಿಟ್ಟ ಕಡಲೆಕಾಯಿ, ರಾಗಿಯ ಚಿಂತೆಯಿದ್ದರೆ ಮೊದಲ ಹಂತದಲ್ಲೇ ಸಾಗಿಸಲು ಟ್ರ್ಯಾಕ್ಟರ್ ಒದಗಿಸಬೇಕು. ಪಹಣಿ, ಆಧಾರ್, ಪಡಿತರ ಚೀಟಿ, ಪಾಸ್‌ಬುಕ್‌ಗಳು ಮಳೆಗಾಲವಿಡೀ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಕಾಳಜಿ ಕೇಂದ್ರದಲ್ಲಿ ಬೇರೆ ಕೇರಿಯವರೊಂದಿಗೆ ಇರಬೇಕಾದೀತೆಂಬ ಅಥವಾ ಅವಮಾನವಾದೀತೆಂಬ ಹಿಂಜರಿಕೆಯೂ ಉಂಟು. ಊಟ, ನೀರು, ಮಲಗುವ ಜಾಗಗಳಲ್ಲಿ ಯಾವ ಭೇದವೂ ನಡೆಯದಂತೆ, ಹೆಂಗಸರಿಗೆ ಬೇರೆ ಕೋಣೆ ಮತ್ತು ಬೆಳಕಿರುವ ಶೌಚಾಲಯ ಇರುವಂತೆ ಸದಸ್ಯರು ಖುದ್ದಾಗಿ ನಿಂತು ನೋಡಿಕೊಳ್ಳಬೇಕು. ಕೇಂದ್ರವಾಗಿ ಆರಿಸುವ ಶಾಲೆಯೇ ಕೆರೆಯ ಕೆಳಗಿರಬಾರದು.

8. ಅಭ್ಯಾಸ: ಒಂದು ಕಲ್ಪಿತ ಪ್ರಸಂಗ

ಒಂದು ಗ್ರಾಮ. ಮೇಲೊಂದು ಕೆರೆ, ಕೆಳಗೊಂದು ಕೆರೆ. ಎರಡು ದಿನಗಳಿಂದ ಮಳೆ. ಸಂಜೆ ನಾಲ್ಕು ಗಂಟೆಗೆ ಅಂದಿನ ಮಳೆ 92 ಮಿ.ಮೀ. ಕೆಳಗಿನ ಕೆರೆ ಅಪಾಯದ ಗುರುತನ್ನು ಮುಟ್ಟಿದೆ. ಸದಸ್ಯರ ಮುಂದೆ ನಾಲ್ಕು ಮನೆಗಳಿವೆ.

ಮೊದಲನೆಯದು ಎತ್ತರದ ಬೀದಿಯ ಆರ್.ಸಿ.ಸಿ. ಮನೆ. ಈ ಮನೆಯವರು ಉಳಿಯಬಹುದು, ಬೇರೆಯವರಿಗೂ ಜಾಗ ಕೊಡಬಹುದು.

ಎರಡನೆಯದು ಎತ್ತರದಲ್ಲಿರುವ, ಬೋಲ್ಟು ಬಿಗಿದ ಶೀಟಿನ ಮನೆ. ಗೋಡೆ ಇಟ್ಟಿಗೆಯದು. ಗಾಳಿಯ ಎಚ್ಚರಿಕೆಯಿಲ್ಲ. ಉಳಿಯಬಹುದು.

ಮೂರನೆಯದು ಎತ್ತರದಲ್ಲೇ ಇರುವ ಮಣ್ಣಿನ ಗೋಡೆಯ ಮಾಳಿಗೆ ಮನೆ. ಒಬ್ಬ ಅಜ್ಜಿ ಮಾತ್ರ ಇದ್ದಾರೆ. ನೀರಿನ ಭಯವಿಲ್ಲವೆಂದು ಅವರನ್ನು ಬಿಡುವಂತಿಲ್ಲ. ಇಂದೇ, ಬೆಳಕಿರುವಾಗಲೇ ಮೊದಲ ಮನೆಗೆ ಕರೆದೊಯ್ಯಬೇಕು.

ನಾಲ್ಕನೆಯದು ಏರಿಯ ಕೆಳಗಿನ ಗಟ್ಟಿ ಕಲ್ಲುಮನೆ. ಮನೆಯ ಯಜಮಾನರು, "ನಮ್ಮ ತಾತನ ಕಾಲದಿಂದ ಈ ಏರಿ ಅಲ್ಲಾಡಿಲ್ಲ" ಎಂದು ಹೊರಡಲು ಒಪ್ಪುತ್ತಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸುಗಳಿವೆ. ನಾಲ್ಕು ಮನೆಗಳಲ್ಲಿ ಅತ್ಯಂತ ಅಪಾಯದ ಮನೆ ಇದೇ. ಗೋಡೆಯ ಗಟ್ಟಿತನ ಇಲ್ಲಿ ಲೆಕ್ಕಕ್ಕೆ ಬಾರದು. ಮೊದಲು ಹಸುಗಳನ್ನು ಸಾಗಿಸಬೇಕು. ಹಸು ಹೋದರೆ ಯಜಮಾನರೂ ಹೋಗುತ್ತಾರೆ.

ರಾತ್ರಿ ಕಳೆಯಿತು, ಏರಿ ಒಡೆಯಲಿಲ್ಲ ಎಂದುಕೊಳ್ಳೋಣ. ಬೆಳಗ್ಗೆ ಯಜಮಾನರು, "ಸುಮ್ಮನೆ ಊರನ್ನೆಲ್ಲ ಎಬ್ಬಿಸಿದಿರಿ" ಎನ್ನುತ್ತಾರೆ. ನಿರ್ಧಾರ ತಪ್ಪಾಗಿತ್ತೇ? ಇಲ್ಲ. ನಿರ್ಧಾರದ ಸರಿತಪ್ಪನ್ನು ಅಳೆಯಬೇಕಾದುದು ಸಂಜೆ ತಿಳಿದಿದ್ದ ಸಂಗತಿಗಳಿಂದ, ಬೆಳಗ್ಗೆ ತಿಳಿದವುಗಳಿಂದಲ್ಲ. ಆದರೂ ಜನರ ನಂಬಿಕೆ ಕುಂದದಂತೆ ನೋಡಿಕೊಳ್ಳುವುದೂ ಸದಸ್ಯರ ಕೆಲಸವೇ. ಇಡೀ ಊರನ್ನಲ್ಲ, ಪಟ್ಟಿಯಲ್ಲಿರುವ ಮನೆಗಳನ್ನು ಮಾತ್ರ ಖಾಲಿ ಮಾಡಿಸಬೇಕು. ಯಾವ ಗುರುತು ಮುಟ್ಟಿದ್ದರಿಂದ ಹೊರಡಿಸಲಾಯಿತು ಎಂಬುದನ್ನು ತೋರಿಸಬೇಕು. ಏನಾದರೆ ಮರಳಬಹುದೆಂಬುದನ್ನು ಹೊರಡುವಾಗಲೇ ಹೇಳಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಸಾಲಿಗೆ ಸೇರುವುದಕ್ಕಿಂತ ಒಂದು ಬೆಳಗಿನ ಗೊಣಗಾಟ ಕೇಳುವುದು ಲೇಸು.

9. ಮರಳುವಾಗ

ಮೊದಲು ಗೋಡೆ, ಚಾವಣಿಗಳನ್ನು ಹೊರಗಿನಿಂದ ನೋಡಬೇಕು. ಮೆಯಿನ್ ಸ್ವಿಚ್ ಆಫ್ ಮಾಡದೆ ನೆನೆದ ಮನೆಯೊಳಗೆ ಹೋಗಬಾರದು. ಬಿದ್ದ ತಂತಿಯನ್ನು ಮುಟ್ಟದೆ 1912ಕ್ಕೆ ತಿಳಿಸಬೇಕು. ಕುಡಿಯುವ ನೀರನ್ನು ಕುದಿಸಬೇಕು. ಪಂಚಾಯತಿಯು ಟ್ಯಾಂಕುಗಳಿಗೆ ಕ್ಲೋರಿನ್ ಹಾಕಿಸಬೇಕು. ಹಾನಿಯಾದ ಮನೆಯನ್ನು ಸ್ವಚ್ಛಗೊಳಿಸುವ ಮುನ್ನ ಫೋಟೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಪಂಚನಾಮೆ ಮಾಡಿಸಬೇಕು. ಪರಿಹಾರವು ಹಾನಿಯ ಪ್ರಮಾಣವನ್ನು ಆಧರಿಸಿ ನಿರ್ಧಾರವಾಗುವುದರಿಂದ ಈ ದಾಖಲೆ ಮುಖ್ಯ.

10. ಮುಂದಿನ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವ್ಯಾಪ್ತಿಯಲ್ಲಿ ಎಷ್ಟು ಕೆರೆಗಳಿವೆ? ಪ್ರತಿಯೊಂದರ ಕೋಡಿ, ತೂಬುಗಳ ಇಂದಿನ ಸ್ಥಿತಿಯನ್ನು ಕಣ್ಣಾರೆ ಕಂಡ ಸದಸ್ಯರು ಯಾರು?
2. ಮೇಲಿನ ಪಂಚಾಯತಿಯಿಂದ ರಾತ್ರಿ ಎರಡು ಗಂಟೆಗೆ ಸುದ್ದಿ ಬರಬೇಕಾದರೆ ಅದು ಯಾರಿಂದ, ಯಾರಿಗೆ ಬರುತ್ತದೆ? ಮೊಬೈಲ್ ಟವರ್ ನಿಂತರೆ ಗತಿಯೇನು?
3. ಮೂರು ಗುಂಪುಗಳ ಮನೆ ಪಟ್ಟಿ ಸಿದ್ಧವಿದೆಯೇ? ಅದು ವಾರ್ಡ್ ಸಭೆಯಲ್ಲಿ ಓದಲ್ಪಟ್ಟಿದೆಯೇ?
4. ಕಾಳಜಿ ಕೇಂದ್ರ ಯಾವುದು? ಅದರ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ?
5. ಶೀಟಿನ ಮೇಲಿನ ಕಲ್ಲುಗಳನ್ನು ಇಳಿಸಿ ಬೋಲ್ಟು ಹಾಕಿಸಲು ಪ್ರತಿ ವಾರ್ಡಿನಲ್ಲಿ ಯಾವ ವಾರವನ್ನು ಗೊತ್ತುಪಡಿಸಲಾಗುವುದು?

ಈ ಐದು ಪ್ರಶ್ನೆಗಳಿಗೆ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮೂಲಕ ತಾಲ್ಲೂಕು ಆಡಳಿತಕ್ಕೆ ತಲುಪಿಸುವುದು. ಉತ್ತರ ಸಿಗದ ಪ್ರಶ್ನೆ ಯಾವುದೋ, ಮುಂದಿನ ಮಳೆಯಲ್ಲಿ ಅಪಾಯ ಬರುವ ದಾರಿಯೂ ಅದೇ ಎಂದು ತಿಳಿದು, ಅದನ್ನೇ ಮೊದಲ ಕಾಮಗಾರಿಯಾಗಿ ಎತ್ತಿಕೊಳ್ಳುವುದು.